ಬಿಲ್ಲೆ

ಪರಂಗಿ ಬೇಡ ಅಂದಳು ಮುನಿರತ್ನ,
ಬಾಯಲ್ಲಿ ಗುಂಡುಪಿನ್ನು, ಬೆರಳಲ್ಲಿ ಕಾಲರಿನ ಮೂಲೆ.
ಪಿನ್ನು ತೆಗೆದು ಮತ್ತೊಮ್ಮೆ ಅಂದಳು:
ಕಾಯಿ ಬೇಡ, ಹಣ್ಣು ಬೇಡ,
ಪರಂಗಿ ಗಿಡದ ನೆರಳೂ ಬೇಡ.
ಪೀಣ್ಯದಲ್ಲಿ ನೆರಳೆಲ್ಲಿದೆ ಅಕ್ಕಾ, ಅಂದೆ.
ನಕ್ಕಳು. ಗಂಟೆಗೆ ತೊಂಬತ್ತು ಪೀಸು ಟಾರ್ಗೆಟ್ಟು;
ನಗುವಿಗೆ ಒಂದು ಕಾಲರು ಹೋಯಿತು.

ಊಟದ ಬೆಲ್ಲಿಗೆ ಡಬ್ಬಿಗಳು ತೆರೆದವು, ಬಾಯಿಗಳೂ.
ಎಳ್ಳು ಉಷ್ಣ, ಅಂದಳು ಸಿರುಗುಪ್ಪದ ಹೊನ್ನೂರಮ್ಮ.
ಅವಳ ರೊಟ್ಟಿಯ ಮೇಲೆ ಗುರೆಳ್ಳು ಪುಡಿ,
ನನ್ನ ಮೂಗಿನ ತುಂಬ ಅದರ ಘಮ.
ಹಸಿ ಮೊಟ್ಟೆ ಆಗಲ್ಲ, ಕಾಯಿಸದ ಹಾಲು ಆಗಲ್ಲ,
ಇದು ಡಾಕ್ಟರೇ ಹೇಳಿದ್ದು, ಆಣೆಗೂ, ಅಂದಳು ಶಮೀಮ್.
ಮಿನತಿ ಒಡಿಶಾದವಳು,
ಅವಳ ಕನ್ನಡ ಇನ್ನೂ ಒಲೆಯ ಮೇಲಿದೆ;
ಕೈಯಲ್ಲೇ ಗ್ರಹಣ ಹಿಡಿಸಿ, ಚಾಕು ಕಸಿದುಕೊಂಡಳು.
ಜೋಡಿ ಬಾಳೆಹಣ್ಣು ತಿಂದರೆ ಜೋಡಿ ಮಕ್ಕಳಂತೆ.
ಫ್ಯಾಕ್ಟರಿಯ ಶಿಶುಮನೆಯಲ್ಲಿ
ಒಂದಕ್ಕೇ ಜಾಗವಿಲ್ಲ.

ಕಾಫಿ ಕುಡಿದರೆ ಮಗು ಕಪ್ಪು, ಅಂತಾರೆ ನಮ್ಮತ್ತೆ.
ದಿನಕ್ಕೆ ನಾಲ್ಕು ಲೋಟ ಕುಡಿದು
ಅವರು ಹೆತ್ತದ್ದು ನನ್ನ ಗಂಡನನ್ನು.
ಮಾತು ನಿಜವಿದ್ದರೂ ಇರಬಹುದು.
ನನಗೆ ಆ ಬಣ್ಣವೇ ಇಷ್ಟ.

ಅವನೋ, ಲಗ್ಗೆರೆ ಸೇತುವೆಯ ಗೋಬಿ ಗಾಡಿ ಕಾಣಬಾರದೆಂದು
ಸುತ್ತುದಾರಿಯಲ್ಲಿ ಕರೆದೊಯ್ಯುತ್ತಾನೆ.
ಕಣ್ಣಿಗೆ ಬೀಳದ್ದು ಮೂಗಿಗೆ ಬೀಳುತ್ತದೆ,
ಅದು ಗಂಡಸರಿಗೆ ತಿಳಿಯದು.

ಎಲ್ಲರಿಗೂ ಹೂಂ ಅಂದೆ.
ಯಾಕೆಂದರೆ ಹೋದ ಯುಗಾದಿಗೆ ಮುಂಚೆ ಒಂದು ಹೋಯಿತು.
ನಾಲ್ಕು ತಿಂಗಳು.
ಏನು ತಿಂದೆ, ಅಂದರು. ಬಂದವರೆಲ್ಲ ಅದನ್ನೇ:
ಏನು ತಿಂದೆ, ನೆನಪು ಮಾಡಿಕೋ.
ನೆನಪಿದೆ.
ಎಂಟನೇ ಮೈಲಿ ಸಿಗ್ನಲ್ಲಿನ ಹತ್ತಿರ, ಉಪ್ಪುಖಾರ ಸವರಿದ
ಎರಡು ಹೋಳು ಅನಾನಸು, ಇಪ್ಪತ್ತು ರೂಪಾಯಿ.
ಯಾರಿಗೂ ಹೇಳಿರಲಿಲ್ಲ.

ಡಾಕ್ಟರಮ್ಮನಿಗೆ ಹೇಳಿದೆ.
ಎರಡು ಹೋಳಿಗಾ? ಅಂದರು, ತಲೆ ಎತ್ತದೆ.
ಮತ್ತೆ ಯಾಕೆ ಹೋಯಿತು?
ಹೇಳಕ್ಕಾಗಲ್ಲಮ್ಮ, ಎಷ್ಟೋ ಸಲ ನಮಗೂ ಗೊತ್ತಾಗಲ್ಲ.
ಆಮೇಲೆ ಮೂತ್ರದ ರಿಪೋರ್ಟು ನೋಡಿ, ತಲೆ ಎತ್ತಿ:
ದಿನಕ್ಕೆ ಎಷ್ಟು ನೀರು ಕುಡೀತೀಯ?

ಲೆಕ್ಕ ಹಾಕಿದೆ. ಬೆಳಗ್ಗೆ ಎದ್ದಾಗ ಒಂದು ಲೋಟ,
ಮತ್ತೆ ಮನೆಗೆ ಹೋದ ಮೇಲೆ.
ನಡುವೆ?
ನಡುವೆ ಬಿಲ್ಲೆ, ಅಂದೆ.
ಅವರಿಗೆ ತಿಳಿಯಲಿಲ್ಲ.

ಹಿತ್ತಾಳೆಯದು. ಮೊದಲ ಮಿಷನ್ನಿನ ಪಕ್ಕ ಮೊಳೆಗೆ ತೂಗುತ್ತದೆ.
ಲೈನಿಗೆ ಒಂದು. ಲೈನಿನಲ್ಲಿ ನಲವತ್ತೆರಡು ಹೆಂಗಸರು.
ಅದು ಕೈಯಲ್ಲಿದ್ದರೆ ಮಾತ್ರ ಬಚ್ಚಲ ಬಾಗಿಲು,
ಹೋದ ಗಂಟೆ ಬಂದ ಗಂಟೆ ಸೂಪರ್‌ವೈಸರ್ ಪುಸ್ತಕಕ್ಕೆ.
ಬಾಟಲಿ ತುಂಬಿಸಿಕೊಂಡು ಬರುತ್ತೇನೆ,
ತುಂಬಿದ್ದನ್ನೇ ತಿರುಗಿ ಹೊತ್ತೊಯ್ಯುತ್ತೇನೆ.
ಕಾವೇರಿ ನಮ್ಮ ಬೀದಿಗೆ ವಾರಕ್ಕೆರಡು ಸಲ ಬರುತ್ತಾಳೆ,
ಅಷ್ಟು ದೂರದಿಂದ.
ಒಲ್ಲೆ ಅಂದವಳು ನಾನು.

ಇಷ್ಟು ಜನ ಇಷ್ಟೆಲ್ಲ ಬಿಡಿಸಿದರು.
ಇದೊಂದನ್ನು ನಾನೇ ಬಿಟ್ಟಿದ್ದೆ,
ಯಾರೂ ಹೇಳದೆ.

ಚೀಟಿಯನ್ನು ಮುನಿರತ್ನ ಓದಿದಳು: ಹನ್ನೆರಡು ಲೋಟ.
ಏನೂ ಅನ್ನಲಿಲ್ಲ. ಮಡಚಿ ನನ್ನ ಡಬ್ಬಿಯ ಕೆಳಗಿಟ್ಟಳು.

ಮೂರು ಗಂಟೆಗೆ ಮೊಳೆ ಬರಿದಾಗಿತ್ತು.
ಸರದಿ ಹೊನ್ನೂರಮ್ಮನದು; ಅವಳು ಏಳಲಿಲ್ಲ.
ಕಾಲರಿನ ಕಂತೆಯಡಿ ಏನೋ ಸರಿಯುತ್ತ ಬಂತು,
ಶಮೀಮಳಿಂದ ಮಿನತಿಗೆ,
ಮಿನತಿಯಿಂದ ಹೆಸರು ಗೊತ್ತಿಲ್ಲದ ಹೊಸ ಹುಡುಗಿಗೆ.
ನನ್ನ ಮಿಷನ್ನಿಗೆ ಬಂದಾಗ ಬಿಲ್ಲೆ ಬೆಚ್ಚಗಿತ್ತು,
ಈಗಷ್ಟೇ ಇಟ್ಟ ಮೊಟ್ಟೆಯ ಹಾಗೆ.

ಬಾಟಲಿ ಎತ್ತಿದೆ. ಅರ್ಧ ಖಾಲಿ ಮಾಡಿದೆ, ಎಲ್ಲರೆದುರು,
ಗಂಟಲಲ್ಲಿ ಸದ್ದಾಗುವಂತೆ.
ಮೂರು ಹತ್ತು, ಅಂತ ಬರೆದುಕೊಂಡ ಅವನು.
ಬರೆದುಕೊಳ್ಳಲಿ.

ಎದ್ದು ಹೊರಟಾಗ ಹಿಂದಿನಿಂದ,
ಬಾಯಲ್ಲಿ ಪಿನ್ನು ಕಚ್ಚಿಕೊಂಡೇ:
ಆದರೂ ಪರಂಗಿ ಮಾತ್ರ ಬೇಡ ಕಣೇ.